ಅತ್ತಿಗೆಯ ಬೆರಳು

ನನ್ನ ಅಣ್ಣ ಚೆನ್ನಯನಿಗೆ ಮುಂಬಯಿಯ ಬೈಕುಲ್ಲಾದಲ್ಲಿ ಒಂದು ಸಣ್ಣ ಹೋಟೆಲು, ಅದಕ್ಕಿಂತ ದೊಡ್ಡ ಬಾಯಿ. ಎರಡೂ ಬೆಳಿಗ್ಗೆ ಆರಕ್ಕೇ ತೆರೆಯುತ್ತವೆ, ರಾತ್ರಿ ಮುಚ್ಚುವುದು ಹೋಟೆಲು ಮಾತ್ರ. ಇಂಥವನ ಹೆಂಡತಿ ರಾಜೀವಿ ಅತ್ತಿಗೆ. ಮದುವೆಯಾಗಿ ಬಂದ ಲಾಗಾಯ್ತು ಅವಳು ಆಡಿದ ಮಾತನ್ನೆಲ್ಲ ಕೂಡಿಸಿದರೆ ಅರ್ಧಕ್ಕರ್ಧ 'ಆಯ್ತು' ಎಂಬುದೇ ಇದ್ದೀತು. ಚಹಾವೋ ಕಾಫಿಯೋ ಎಂದರೆ 'ಯಾವುದಾದ್ರೂ ಆಯ್ತು'. ಸಿನಿಮಾಕ್ಕೆ ಹೋಗುವ ಎಂದರೆ ಆಯ್ತು, ಬೇಡ ಎಂದರೂ ಆಯ್ತು. ನಾನು ವಸಂತಿ, ಅವರಿರುವ ಸಾಲುಕೋಣೆಗಳ ಚಾಳ್‌ನಲ್ಲೇ ಕೊನೆಯ ಖೋಲಿಯವಳು. ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಮಕ್ಕಳ ಬಾಯಿ ಮುಚ್ಚಿಸುತ್ತಲೇ ನಿವೃತ್ತಳಾದವಳು, ಅತ್ತಿಗೆಯ ಬಾಯಿ ತೆರೆಸಲು ಹೋಗಿ ಮಾತ್ರ ಸೋತಿದ್ದೇನೆ. "ಸುಮ್ನೆ ಯಾಕೆ ಜಗಳ, ವಸಂತಿ?" ಎನ್ನುತ್ತಾಳೆ. ಜಗಳವಿಲ್ಲದೆ ಜನ ಹೇಗೆ ಬದುಕುತ್ತಾರೋ ನನಗಂತೂ ತಿಳಿಯದು.

ಈ ಸಲ ಮಳೆ ನಿಂತ ಮೇಲೆ ಅಣ್ಣನಿಗೆ ದೂರದ ವಿಕ್ರೋಳಿಗೆ ಮನೆ ಬದಲಿಸುವ ಹುಚ್ಚು ಹಿಡಿಯಿತು. ನಮ್ಮ ಚಿಕ್ಕಪ್ಪನ ಮಗ ಸೋಮನಾಥನ ಫ್ಲ್ಯಾಟು ಅಲ್ಲಿ ಖಾಲಿಯಿತ್ತು. ಹದಿನಾಲ್ಕನೇ ಮಹಡಿ, ಎರಡು ಲಿಫ್ಟು, ಬಾಗಿಲು ಹಾಕಿಕೊಂಡರೆ ಪಕ್ಕದ ಮನೆಯ ಕುಕ್ಕರಿನ ಸೀಟಿಯೂ ಕೇಳುವುದಿಲ್ಲವಂತೆ. ಭಾನುವಾರ ಕೀಲಿಕೈ ತರುತ್ತೇನೆ, ಆದರೆ ಅತ್ತಿಗೆಗೆ ಒಪ್ಪಿಗೆ ತಾನೇ ಎಂದು ಸೋಮನಾಥ ಫೋನಿನಲ್ಲಿ ಕೇಳಿದ.

"ಅವಳದ್ದು ಎಂತ ಕೇಳ್ಲಿಕ್ಕುಂಟು ಮಾರಾಯ? ಆಯ್ತು ಅಂತಾಳೆ" ಎಂದ ಅಣ್ಣ. ಅತ್ತಿಗೆ ಅಲ್ಲೇ ಕೂತು ಬೀನ್ಸಿನ ನಾರು ತೆಗೆಯುತ್ತಿದ್ದಳು.

ಅವಳಿಗೆ ಚಾಳ್ ಎಂದರೆ ಅದರ ಗ್ಯಾಲರಿ, ಎಲ್ಲ ಖೋಲಿಗಳ ಮುಂದೆ ಹಾಯುವ ಉದ್ದ ಜಗಲಿ. ಪಕ್ಕದ ಖೋಲಿಯ ಹಾಲವ್ವ ಇಂಡಿ ತಾಲೂಕಿನ ಕಡೆಯವಳು, ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಾಳೆ. ಮಧ್ಯಾಹ್ನ ಕೆಲಸ ಮುಗಿಸಿ ಅವಳು ಗ್ಯಾಲರಿಯಲ್ಲಿ ಕಾಲು ಚಾಚಿದಳೆಂದರೆ ಅತ್ತಿಗೆಯೂ ಬಂದು ಕೂರುತ್ತಾಳೆ. ಆ ಒಂದು ಗಂಟೆ ಅತ್ತಿಗೆ ನಗುವುದು ನನ್ನ ಖೋಲಿಗೂ ಕೇಳುತ್ತದೆ. ಇಡೀ ದಿನದಲ್ಲಿ ಅವಳು ನಗುವುದು ಆಗ ಮಾತ್ರ.

ವಿಕ್ರೋಳಿಯ ಸುದ್ದಿ ಕಿವಿಗೆ ಬಿದ್ದಾಗ ಹಾಲವ್ವ ಬಿಡಲಿಲ್ಲ. "ಹದಿನಾಕನೇ ಮಾಳಿಗಿ ಮ್ಯಾಲ ಕುಂತು ಯಾರ ಕೂಡ ಮಾತಾಡ್ತಿಯವಾ? ಕಾಗಿ ಕೂಡ ಏನು?"

ಅತ್ತಿಗೆ ನಕ್ಕಳು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಹೋಗಿ ಅಣ್ಣನಿಗೆ ಹೇಳಿದರೆ "ಬೇಡದಿದ್ರೆ ಅವಳೇ ಹೇಳಲಿ, ನಿನಗ್ಯಾಕೆ ವಕಾಲತ್ತು?" ಎಂದ. ಹೇಳುವವಳಾಗಿದ್ದರೆ ನನಗೆ ವಕಾಲತ್ತು ಯಾಕೆ ಬೇಕಿತ್ತು?

ಇಷ್ಟರಲ್ಲಿ ನಡುವೆ ವಿಜ್ಞಾನ ಬಂತು. ಅಣ್ಣನ ಮಗಳು ಯಕ್ಷಿತಾ ಬಾಂದ್ರಾದ ಕಾಲೇಜೊಂದರಲ್ಲಿ ಮನಃಶಾಸ್ತ್ರದ ಎಂ.ಎ. ಮಾಡುತ್ತಿದ್ದಾಳೆ. ಅವಳ ಪ್ರಾಜೆಕ್ಟಿಗೆ ತಲೆ ಕೊಡುವವರು ಸಾಲಲಿಲ್ಲ. ಮನೆಯಲ್ಲಿ ಮೂರು ತಲೆ ಬಿಟ್ಟಿ ಬಿದ್ದಿರುವಾಗ ಹೊರಗೆ ಯಾಕೆ ಹುಡುಕಬೇಕೆಂದು, ಶನಿವಾರ ನಮ್ಮನ್ನು ದಾದರಿನಲ್ಲಿ ಲೋಕಲ್ ರೈಲು ಬದಲಿಸಿ ಕರೆದುಕೊಂಡು ಹೋದಳು.

ಒಂದು ಕುರ್ಚಿ, ತಲೆಗೆ ವೈರುಗಳ ಟೋಪಿ, ಬೆರಳಿಗೊಂದು ಪಟ್ಟಿ, ಮುಂದೆ ಒಂದು ಗುಂಡಿ. ಯಾವಾಗ ಒತ್ತಬೇಕು ಅನಿಸುತ್ತದೋ ಆಗ ಒತ್ತುವುದು, ಅಷ್ಟೇ ಕೆಲಸ. ಅಣ್ಣ ಕೂತ. ವೇಟರನನ್ನು ಕರೆಯುವ ಗಂಟೆಯೆಂದೇ ತಿಳಿದು ಟಕಟಕ ಬಾರಿಸಿದ. ನನ್ನ ಸರದಿಯಲ್ಲಿ ನಾನು ಒತ್ತಿದ್ದಕ್ಕಿಂತ ಪ್ರಶ್ನೆ ಕೇಳಿದ್ದೇ ಹೆಚ್ಚು.

"ಪಪ್ಪಾ, 'ಈಗ ಒತ್ತುವ' ಅಂತ ನೀವು ಥಿಂಕ್ ಮಾಡೋ ಮೊದ್ಲೇ ಬ್ರೇನ್ ರೆಡಿ ಆಗ್ಲಿಕ್ಕೆ ಶುರು ಮಾಡಿರ್ತದೆ. ನಿಮ್ಗೆ ಗೊತ್ತಾಗೋದು ಆಮೇಲೆ" ಎಂದಳು ಯಕ್ಷಿತಾ. "ಅದಕ್ಕೇ ಕೆಲವರು, ಫ್ರೀ ವಿಲ್ ಅನ್ನೋದೇ ಇಲ್ಯೂಷನ್ ಅಂತಾರೆ. ಎಲ್ರೂ ಒಪ್ಪಲ್ಲ, ಹಾಂ."

ಒಪ್ಪದವರ ವಿಷಯ ಅಣ್ಣನ ಕಿವಿಗೆ ಬೀಳಲೇ ಇಲ್ಲ. "ಅಂದ್ರೆ ನಾನು ಬರೀ ಗಲ್ಲೆಯಲ್ಲಿ ಕೂತು ದುಡ್ಡು ಎಣಿಸುವವ! ಒಳಗೆ ಭಟ್ರು ದೋಸೆ ಹೊಯ್ದು ಆಗಿರ್ತದೆ, ಮತ್ತೆ ನಾನು ಹೊರಗಿಂದ 'ಒಂದು ದೋಸೆ' ಅಂತ ಬೊಬ್ಬೆ ಹೊಡೆಯುದು."

"ಆಲ್ಮೋಸ್ಟ್. ಇನ್ನೊಂದು ಥಿಯರಿ ಉಂಟು. ತಲೆ ಒಳಗೆ ಸಾವಿರ ಕೆಲ್ಸ ನಮ್ಗೆ ಗೊತ್ತಿಲ್ದೆ ನಡೀತದೆ. ಅದ್ರಲ್ಲಿ ಒಂದು ಮಾತ್ರ ಎಲ್ಲ ಕಡೆ ಕೇಳೋ ಹಾಗೆ ಅನೌನ್ಸ್ ಆಗ್ತದೆ. ಆ ಅನೌನ್ಸ್‌ಮೆಂಟೇ ನಮ್ಮ ಕಾನ್ಶಸ್‌ನೆಸ್."

"ದಾದರ್ ಸ್ಟೇಶನ್ನಿನ ಹಾಗೆಯಾ?" ಎಂದೆ. ಅಲ್ಲಿಯ ಅನೌನ್ಸ್‌ಮೆಂಟು ನನಗೆ ಈ ತನಕ ಒಮ್ಮೆಯೂ ಸರಿಯಾಗಿ ಕೇಳಿಸಿದ್ದಿಲ್ಲ. ನನ್ನ ಪ್ರಜ್ಞೆಯ ಸ್ಥಿತಿಯೂ ಹಾಗೇ ಇರಬೇಕು.

ಕೊನೆಗೆ ಅತ್ತಿಗೆ ಕೂತಳು. ಕೂತೇ ಇದ್ದಳು. ತೋರುಬೆರಳು ಒಂದಿಷ್ಟು ಮೇಲೇಳುತ್ತಿತ್ತು, ಗುಂಡಿಯ ಹತ್ತಿರ ಹೋಗುತ್ತಿತ್ತು, ಹಾಗೇ ಹಿಂದಕ್ಕೆ ಬಂದು ಮಲಗುತ್ತಿತ್ತು. ಹೊತ್ತು ಮುಗಿಯಿತು, ಗುಂಡಿ ಕನ್ಯೆಯಾಗಿಯೇ ಉಳಿಯಿತು.

"ಅಮ್ಮಾ! ಒಂದ್ಸಲನೂ ಒತ್ಲಿಲ್ವಲ್ಲ?"

"ಬೆಲ್ ಒತ್ತಿದ್ರೆ ಯಾರಾದ್ರೂ ಬರ್ಬೇಕಲ್ಲ ಮಗಾ. ಕೆಲ್ಸ ಇಲ್ದೆ ಪಾಪ ಅವರನ್ನು ಯಾಕೆ ಕರೆಯುದು?"

ಅಣ್ಣ ಹೊಟ್ಟೆ ಹಿಡಿದು ನಕ್ಕ. ಯಕ್ಷಿತಾ ನಗಲಿಲ್ಲ, ಪರದೆಯನ್ನೇ ನೋಡುತ್ತಿದ್ದಳು. "ಒತ್ಬೇಕು ಅಂತ ಅನ್ಸಿತ್ತಾ?"

"ಅನ್ಸದೆ ಏನು? ತುಂಬ ಸಲ ಅನ್ಸಿತು. ಮತ್ತೆ ಬೇಡ ಅಂತ ಬಿಟ್ಟೆ."

"ಪಪ್ಪಾ, ನಗ್ಬೇಡಿ. ಶುರು ಆಗೋದು ನಮ್ಮ ಕೈಲಿಲ್ದಿದ್ರೂ, ಲಾಸ್ಟ್ ಮೊಮೆಂಟಲ್ಲಿ ತಡೆಯೋದು ನಮ್ಮ ಕೈಲಿ ಇರ್ಬಹುದು ಅಂತ ಒಂದು ವಾದ ಉಂಟು. ಅಮ್ಮ ಇಷ್ಟು ಹೊತ್ತೂ ಬರೀ 'ನೋ' ಅಂದಿದ್ದಾಳೆ!"

"ನಾನು ನೋ ಅಂದೆನಾ?" ಅತ್ತಿಗೆ ಗಾಬರಿಯಾದಳು, ಯಾರದೋ ಲೋಟ ಒಡೆದವಳ ಹಾಗೆ. ವಾಪಸು ಬರುವಾಗ ಲೋಕಲ್‌ನಲ್ಲಿ ಉದ್ದಕ್ಕೂ ತನ್ನ ಬೆರಳನ್ನೇ ನೋಡುತ್ತಿದ್ದಳು.

ಅಣ್ಣನಿಗೆ ಮಾತ್ರ ವಿಜ್ಞಾನದಿಂದ ಭಾರೀ ಲಾಭವಾಯಿತು. ಅವನಿಗೆ ಸಕ್ಕರೆ ಕಾಯಿಲೆ. ಸ್ಟೇಶನ್ನಿನ ಹೊರಗೆ ಬಿಸಿ ಜಿಲೇಬಿ ಕಂಡ. "ನಾನಲ್ಲ ವಸಂತಿ, ಬ್ರೇನ್ ಮೊದಲೇ ತಿಂದಾಗಿದೆ" ಎಂದು ಕಾಲು ಕಿಲೋ ಕಟ್ಟಿಸಿದ. ಮಂಗನ ಕೈಗೆ ಮಾಣಿಕ್ಯ ಎಂದರೆ ಇದೇ.

ಭಾನುವಾರ ಹನ್ನೊಂದರ ಹೊತ್ತಿಗೆ ಸೋಮನಾಥ ಬಂದು ಕೀಲಿಕೈಯನ್ನು ಮೇಜಿನ ಮೇಲಿಟ್ಟ. ಪಕ್ಕದಲ್ಲಿ ಹಾಲವ್ವ ರೊಟ್ಟಿ ಬಡಿಯುವ ಸದ್ದು ದಪದಪ ಕೇಳುತ್ತಿತ್ತು. ಅತ್ತಿಗೆ ತಿಂಡಿಯ ಹರಿವಾಣ ಹಿಡಿದು ಒಳಗಿನಿಂದ ಬಂದಳು.

"ಅತ್ತಿಗೇ, ನಿಮ್ಗೆ ಒಪ್ಪಿಗೆ ಅಲ್ವಾ?" ಕೇಳಿದ ಸೋಮನಾಥ.

"ನಾನು ಹೇಳಿದ್ದೇನಲ್ಲ, ಅವಳು—" ಎಂದು ಅಣ್ಣ ಶುರುಮಾಡಿದ.

ಅತ್ತಿಗೆಯ ಬಾಯಿ ತೆರೆಯಿತು. ಆಯ್ತು ಎನ್ನುವ ಬಾಯಿಯೇ ಅದು. ಮೂವತ್ತು ವರ್ಷ ನೋಡಿದ ನನಗೆ ಗುರುತು ಸಿಗದೇ? ಅಷ್ಟರಲ್ಲಿ ಹರಿವಾಣದ ಅಂಚಿನ ಮೇಲೆ ಅವಳ ತೋರುಬೆರಳು ಸ್ವಲ್ಪ ಮೇಲೆದ್ದಿತು. ಎದ್ದದ್ದು ಮೆಲ್ಲಗೆ ಕೆಳಗೆ ಬಂತು. ಬಾಯಿ ಮುಚ್ಚಿತು.

"ಇಲ್ಲ" ಎಂದಳು ಅತ್ತಿಗೆ. "ನಾನು ಬರುದಿಲ್ಲ."

ಪಕ್ಕದ ಖೋಲಿಯಲ್ಲಿ ರೊಟ್ಟಿ ಬಡಿಯುವುದು ನಿಂತಿತು.

"ಎಂತ ಇಲ್ಲ?" ಅಣ್ಣ ಎದ್ದು ನಿಂತ. "ನಿನ್ನೆವರೆಗೆ ಒಂದು ಮಾತು ಹೇಳಿರ್ಲಿಲ್ಲ!"

"ನೀವು ಕೇಳಿರ್ಲಿಲ್ಲ."

ಅಣ್ಣನಿಗೆ ಸಿಕ್ಕಿದ್ದು ಒಂದೇ ಆಸರೆ. "ನೋಡು ರಾಜೀವಿ, ಇದು ನೀನು ಹೇಳುದಲ್ಲ. ನಿನ್ನ ಬ್ರೇನ್ ಹೇಳಿಸುದು."

"ಬ್ರೇನ್ ಆಯ್ತು ಅಂತಲೇ ಹೇಳ್ಲಿಕ್ಕೆ ಹೊರಟಿತ್ತು" ಎಂದಳು ಅತ್ತಿಗೆ. "ಬೇಡ ಅಂದದ್ದು ನಾನು."

ಅಣ್ಣ ಬಾಯಿ ತೆರೆದ. ಮುಂದೆ ಬರುವುದು ನನಗೆ ಗೊತ್ತಿತ್ತು, ಇಡೀ ಚಾಳಿಗೆ ಗೊತ್ತಿತ್ತು. ಆದರೆ ಅವನು ಅತ್ತಿಗೆಯ ಮುಖ ನೋಡಿದ. ಹರಿವಾಣ ಹಿಡಿದೇ ನಿಂತಿದ್ದ ಅವಳ ಕಣ್ಣು ಅವನ ಮೇಲಿಂದ ಕದಲಲಿಲ್ಲ. ತೆರೆದ ಬಾಯಿಯನ್ನು ಅಣ್ಣ ಹಾಗೇ ಮುಚ್ಚಿದ. ಹುಟ್ಟಿದಂದಿನಿಂದ ಅವನು ಗುಂಡಿ ಒತ್ತದೆ ಬಿಟ್ಟದ್ದು ಅದೇ ಮೊದಲು. ನನಗೆ ಅವನ ಮೇಲೆ ಎಲ್ಲಿಲ್ಲದ ಪ್ರೀತಿ ಬಂತು.

ಮೆಲ್ಲಗೆ ಕೂತು ಕೀಲಿಕೈಯನ್ನು ಸೋಮನಾಥನ ಕಡೆ ಸರಿಸಿದ. ಪಕ್ಕದಲ್ಲಿ ರೊಟ್ಟಿಯ ಸದ್ದು ಮತ್ತೆ ಶುರುವಾಯಿತು, ಮೊದಲಿಗಿಂತ ಜೋರಾಗಿ.

"ನೀನೂ ಕೂತ್ಕೋ ರಾಜೀವಿ. ಕುಡಿಯಲಿಕ್ಕೆ ಯಕ್ಷಿತಾ ಮಾಡ್ತಾಳೆ" ಎಂದ ಅಣ್ಣ. "ನಿಂಗೆ ಚಹಾವಾ, ಕಾಫಿಯಾ?"

ಅತ್ತಿಗೆ ಬಹಳ ಹೊತ್ತು ಯೋಚಿಸಿದಳು. ಒಬ್ಬರೂ ಅವಸರ ಮಾಡಲಿಲ್ಲ.

"ಕಾಫಿ" ಎಂದಳು. "ಚಹಾ ನಂಗೆ ಮೊದಲಿಂದಲೂ ಸೇರುದಿಲ್ಲ."