ಬೀಗದವನು ಎರಡು ಸಲ ಕೇಳಿದ್ದ

ಬೀದಿಯಲ್ಲಿ ಒಂದು ಕಳ್ಳತನ ಆಯಿತು ಅಂದರೆ ಬೀದಿಗೆ ಬೀದಿಯೇ ಪತ್ತೇದಾರಿಕೆಗೆ ನಿಲ್ಲುತ್ತದೆ. ಇದು ನಿಮಗೂ ಗೊತ್ತು, ನನಗೂ ಗೊತ್ತು. ಆ ಬೀದಿಯಲ್ಲೂ ಹಾಗೇ ಆಯಿತು. ಒಬ್ಬ ಮೇಷ್ಟರ ಮನೆಯವರು ಎರಡು ದಿನ ಊರಲ್ಲಿರಲಿಲ್ಲ. ಬಂದು ನೋಡಿದರೆ ಬೀರುವಿನಲ್ಲಿದ್ದ ಬಳೆಗಳಿಲ್ಲ. ಬಾಗಿಲಿನ ಬೀಗ ಮಾತ್ರ ಹಾಕಿದ್ದ ಹಾಗೇ ಇದೆ, ಒಂದು ಗೀರೂ ಬಿದ್ದಿಲ್ಲ.

"ಬೀಗ ಒಡೀದೆ ತೆಗೆಯೋನು ಈ ಊರಲ್ಲಿ ಇನ್ಯಾರಿದ್ದಾನೆ ಹೇಳಿ?" ಅಂದರು ಎದುರು ಮನೆಯವರು.

"ಅದೇ ಮತ್ತೆ! ನಾನೂ ಅದನ್ನೇ ಹೇಳೋಣ ಅಂತಿದ್ದೆ," ಅಂದರು ಪಕ್ಕದ ಮನೆಯವರು.

ಮಾರ್ಕೆಟ್ ಮೂಲೆಯಲ್ಲಿ ದೊಡ್ಡ ಕೊಡೆ ಕೆಳಗೆ ಕೂತು ಬೀಗ ರಿಪೇರಿ ಮಾಡುವವನ ಹೆಸರು ಅರ್ಧ ಗಂಟೆಯಲ್ಲಿ ಪೊಲೀಸ್ ಠಾಣೆ ಮುಟ್ಟಿತು. ಕಣ್ಣಾರೆ ಕಂಡವರು ಒಬ್ಬರೂ ಇಲ್ಲ. ಬಾಯಿ ಮಾತ್ರ ಎಲ್ಲರಿಗೂ ಇತ್ತು.

ಮಾರನೇ ದಿನ ಬೆಳಿಗ್ಗೆ ಏಳು ಗಂಟೆಗೆ ಅವನನ್ನು ಕರೆತಂದರು. ಮುಖ ತೊಳೆದಿದ್ದ, ಇನ್ನೂ ತಿಂಡಿ ತಿಂದಿರಲಿಲ್ಲ. ಠಾಣೆಯ ಬಾಗಿಲ ಬಳಿ ಮೇಜು ಹಾಕಿಕೊಂಡು ಕೂತಿದ್ದವರು ನಮ್ಮ ದಫೇದಾರರು.

ಈ ದಫೇದಾರರು ಕೆಟ್ಟವರೇನಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಯಾರ ಮೇಲೂ ಕೈ ಮಾಡಿದವರಲ್ಲ, ಯಾರ ಕಾಸಿಗೂ ಕೈ ಚಾಚಿದವರಲ್ಲ. ನಿವೃತ್ತಿಗೆ ಎಂಟು ತಿಂಗಳಿತ್ತು. ಅವರಿಗೆ ಇದ್ದ ಹೆಮ್ಮೆ ಒಂದೇ, ಬಟ್ಟೆ ಚೀಲದ್ದು. ಠಾಣೆಗೆ ತಂದವನ ಜೇಬಿನಲ್ಲಿ ಇದ್ದದ್ದನ್ನೆಲ್ಲ ಮೇಜಿನ ಮೇಲೆ ಇಡಿಸಿ, ಪಟ್ಟಿ ಬರೆದು, ಬಿಳಿ ಚೀಲಕ್ಕೆ ತುಂಬಿ, ಬಾಯಿಗೆ ದಾರ ಬಿಗಿದು ಅರಗು ಒತ್ತಿದರೆಂದರೆ ಆಯಿತು. ಅವನ ಬಿಡುಗಡೆ ಆಗುವ ತನಕ ಸಾಕ್ಷಾತ್ ಇನ್‌ಸ್ಪೆಕ್ಟರ್ ಸಾಹೇಬರು ಬಂದು ಕೇಳಿದರೂ ಬಿಚ್ಚುತ್ತಿರಲಿಲ್ಲ. "ಮೂವತ್ತು ವರ್ಷದಲ್ಲಿ ಒಬ್ಬನ ಅಂಗಿ ಗುಂಡಿನೂ ಕಳೆದಿಲ್ಲ" ಅನ್ನುತ್ತಿದ್ದರು. ಹುಡುಗ ಪೇದೆಗಳು ಬೆನ್ನ ಹಿಂದೆ 'ಗಂಟು ದಫೇದಾರ' ಅನ್ನುತ್ತಿದ್ದರು. ಅದು ಇವರ ಕಿವಿಗೂ ಬಿದ್ದಿತ್ತು, ಒಳಗೊಳಗೇ ಖುಷಿಯೂ ಇತ್ತು.

ಬೀಗದವನ ಜೇಬಿನಿಂದ ಬಂದದ್ದು ಒಂದು ಸಣ್ಣ ಅರ, ಒಂದು ಬಾಚಣಿಗೆ, ಹಳೇ ಬಸ್ ಟಿಕೆಟು, ಒಂದು ಪಟ್ಟಿ ಮಾತ್ರೆ.

"ಸಾರ್, ಆ ಮಾತ್ರೆಲಿ ಒಂದು ಕೊಟ್ಟುಬಿಡಿ. ನನಗೆ ಫಿಟ್ಸ್ ಇದೆ. ಬೆಳಗಿಂದು ಇನ್ನೂ ತಗೊಂಡಿಲ್ಲ."

"ಠಾಣೆ ಮೆಟ್ಟಿಲು ಹತ್ತಿದ ಕೂಡಲೇ ಎಲ್ಲರಿಗೂ ಕಾಯಿಲೆ ಬರುತ್ತಪ್ಪಾ," ಅಂದರು ದಫೇದಾರರು ನಗುತ್ತಾ. "ಸಾಹೇಬರು ಬರಲಿ, ನೋಡೋಣ. ಹೋಗಿ ಕೂತ್ಕೋ." ಮಾತ್ರೆಯನ್ನೂ ಪಟ್ಟಿಯಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದು, ಚೀಲಕ್ಕೆ ಹಾಕಿ, ಅರಗು ಒತ್ತಿದರು.

ಹನ್ನೊಂದು ಗಂಟೆಗೆ ಬೀಗದವನು ಒಳಗಿನಿಂದ ಮತ್ತೆ ಕೂಗಿದ. "ಸಾರ್, ಕಣ್ಣು ಮಂಜಾಗ್ತಿದೆ. ದಮ್ಮಯ್ಯ, ಒಂದು ಮಾತ್ರೆ."

"ಸೀಲ್ ಆಗಿದೆ ಕಣೋ. ಈಗ ಒಡೆದರೆ ನಾಳೆ ನೀನೇ ಅದು ಕಳೀತು ಇದು ಕಳೀತು ಅಂತೀಯ."

ಮೂರು ಗಂಟೆಗೆ ಒಳಗೆ ಧಡ್ ಅಂತ ಸದ್ದಾಯಿತು. ಬೀಗದವನು ನೆಲದ ಮೇಲೆ ಬಿದ್ದು ಒದ್ದಾಡುತ್ತಿದ್ದ. ಬೀಳುವಾಗ ಸಿಮೆಂಟು ಕಟ್ಟೆಯ ಅಂಚು ತಲೆಗೆ ಬಡಿದಿತ್ತು. ಒಬ್ಬ ಪೇದೆ ಬಾಯಿಗೆ ಚಮಚ ತುರುಕಲು ಹೋದ. ಠಾಣೆಯ ಬರವಣಿಗೆ ನೋಡಿಕೊಳ್ಳುತ್ತಿದ್ದ, ಮಧ್ಯಾಹ್ನದ ಪಾಳಿಗೆ ಆಗತಾನೇ ಬಂದಿದ್ದ ರೈಟರಮ್ಮ ಓಡಿ ಬಂದು ಅವನ ಕೈ ತಳ್ಳಿ, "ಬಾಯಿಗೆ ಏನೂ ಹಾಕ್ಬೇಡ! ಮೊದಲು ಗಾಡಿ ತರಿಸು!" ಅಂದಳು. ತಾನೇ ಬೀಗದವನನ್ನು ಒಂದು ಮಗ್ಗುಲಿಗೆ ತಿರುಗಿಸಿ, ತಲೆ ಕೆಳಗೆ ತನ್ನ ಕೈಯಿಟ್ಟು ಕೂತಳು.

ದಫೇದಾರರು ಕಂಬದ ಹಾಗೆ ನಿಂತಿದ್ದರು. ಬೀಗದವನು ಜೀವಸಹಿತ ಆಸ್ಪತ್ರೆ ಸೇರಿದ. ಆದರೆ ಮೆದುಳಿನಲ್ಲಿ ರಕ್ತಸ್ರಾವ ಆಗಿತ್ತು. ಬಲಗೈ ಹೋಯಿತು, ಮಾತು ಹೋಯಿತು. ನಾಲ್ಕನೇ ದಿನ ನಿಜವಾದ ಕಳ್ಳನೂ ಸಿಕ್ಕಿದ. ಮೇಷ್ಟರ ಮನೆಯಲ್ಲಿ ಹಿಂದೆ ಬಾಡಿಗೆಗಿದ್ದವನು ಹೋಗುವಾಗ ಒಂದು ಕೀಲಿ ತನ್ನ ಹತ್ತಿರವೇ ಇಟ್ಟುಕೊಂಡಿದ್ದ. ಬೀದಿಯವರು "ಅಯ್ಯೋ ಪಾಪ" ಅಂದು ಬಾಗಿಲು ಹಾಕಿಕೊಂಡರು.

ಇನ್‌ಸ್ಪೆಕ್ಟರ್ ಸಾಹೇಬರು ದಫೇದಾರರನ್ನು ಕರೆದು ಒಂದು ಕಾಗದ ಕೊಟ್ಟರು. 'ಸದರಿ ಆಸಾಮಿಯು ತನಗೆ ಕಾಯಿಲೆ ಇರುವುದಾಗಿ ಯಾವ ಹಂತದಲ್ಲೂ ತಿಳಿಸಿರುವುದಿಲ್ಲ' ಅಂತ ಅದರಲ್ಲಿತ್ತು.

"ಗುರುವಾರ ಇಲಾಖೆ ವಿಚಾರಣೆ. ಸಹಿ ಹಾಕಿ ತಂದ್ಕೊಡಿ. ನಿಮಗೂ ಒಳ್ಳೇದು, ಠಾಣೆಗೂ ಒಳ್ಳೇದು."

ದಫೇದಾರರು ಕಾಗದವನ್ನು ಮನೆಗೆ ತಂದರು. ಹೆಂಡತಿಯ ಹತ್ತಿರ ಏನನ್ನೂ ಮುಚ್ಚಿಟ್ಟವರಲ್ಲ, ಠಾಣೆಗೆ ತಂದಿದ್ದ ಒಬ್ಬನಿಗೆ ಹೀಗಾಯಿತು ಅಂತ ಎಲ್ಲ ಹೇಳಿದರು.

"ಹಾಕ್ಬಿಡಿ ಅತ್ಲಾಗೆ," ಅಂದಳು ಹೆಂಡತಿ. "ಇನ್ನೆಂಟು ತಿಂಗಳು ಕಳೆದರೆ ಸಾಕು ಅಂತ ನಾನು ದಿನ ಎಣಿಸ್ತಿದ್ದೀನಿ. ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲ ಏನು?"

ಅಷ್ಟರಲ್ಲಿ ರೈಟರಮ್ಮ ಬಂದಳು. ಅವಳು ಪೊಲೀಸರದೇ ಒಂದು ವೃತ್ತಿ ಸಂಘದ ಕಾರ್ಯದರ್ಶಿ. ಕಾನೂನು ಕಾಯುವ ಕೆಲಸವನ್ನು ಮನುಷ್ಯರ ಹಾಗೆ ಮಾಡುವುದು ಹೇಗೆ ಅಂತ ಪೊಲೀಸರು ಪೊಲೀಸರಿಗೇ ಕಲಿಸಿಕೊಳ್ಳುವ ಸಂಘ ಅದು. ತಿಂಗಳಿಗೊಂದು ಶನಿವಾರ ಸೇರುತ್ತಾರೆ. ಎಲ್ಲಿ ಎಡವಿದೆವು ಅಂತ ಬಾಯಿ ಬಿಟ್ಟು ಹೇಳಿಕೊಳ್ಳುತ್ತಾರೆ. ಕರೆತಂದವರಿಗೆ ಕೇಳಲೇಬೇಕಾದ ನಾಲ್ಕು ಪ್ರಶ್ನೆ ರಟ್ಟಿನ ಮೇಲೆ ಅಚ್ಚು ಹಾಕಿಸಿ ಎಲ್ಲ ಮೇಜಿಗೂ ಹಂಚಿದ್ದರು. ಕಾಯಿಲೆ ಏನಿದೆ, ಔಷಧಿ ಕೊನೆಗೆ ಯಾವಾಗ ತಗೊಂಡೆ, ಊಟ ಆಗಿದೆಯಾ, ಮನೆಯಲ್ಲಿ ಯಾರಿಗೆ ಹೇಳಬೇಕು. ದಫೇದಾರರು ಆ ರಟ್ಟಿನಲ್ಲಿ ಗಾಳಿ ಬೀಸಿಕೊಳ್ಳುತ್ತಿದ್ದರು. "ಸಂಘ ಕಟ್ಕೊಂಡು ಕಳ್ಳರಿಗೆ ಜೋಗುಳ ಹಾಡ್ತೀರೇನಮ್ಮ?" ಅಂತ ಎಲ್ಲರೆದುರು ಒಮ್ಮೆ ನಗಿಸಿಯೂ ಇದ್ದರು. ಈಗ ಅವಳ ಮುಖ ನೋಡಲು ಅವರಿಗೆ ಆಗಲಿಲ್ಲ.

"ಅಣ್ಣ, ಅವನು ಮಾತ್ರೆ ಕೇಳಿದ್ದನ್ನ ಪೇದೆಗಳೇ ನನಗೆ ಹೇಳಿದರು. ಆ ಕಾಗದಕ್ಕೆ ಸಹಿ ಹಾಕ್ಬೇಡಿ," ಅಂದಳು ರೈಟರಮ್ಮ.

ದಫೇದಾರರಿಗೆ ರೇಗಿತು. "ಸಂಘ ಅಂದ್ರೆ ನಮ್ಮೋರನ್ನ ಕಾಪಾಡಬೇಕು ಕಣಮ್ಮ. ನಮ್ಮೋರನ್ನೇ ಸಿಕ್ಕಿಸೋಕೆ ಒಂದು ಸಂಘ ಬೇಕಾ?"

"ಸುಳ್ಳು ಬರೆದು ಕಾಪಾಡೋಕೆ ನಮಗೆ ಬರಲ್ಲ ಅಣ್ಣ. ನಿಜ ಹೇಳೋಕೆ ಹೋಗ್ತೀನಿ ಅನ್ನಿ, ನಿಮ್ಮ ಪಕ್ಕ ಕೂತ್ಕೊಳ್ಳೋಕೆ ನಾನು ಬರ್ತೀನಿ, ವಕೀಲರನ್ನೂ ಕರೀತೀವಿ. ಅವನು ಕೇಳಲೇ ಇಲ್ಲ ಅಂತ ನೀವು ಬರೆದರೆ ತಪ್ಪು ಅವನದೇ ಆಗುತ್ತೆ. ನಾಳೆ ಇನ್ನೊಂದು ಠಾಣೆಲಿ ಇನ್ನೊಂದು ಚೀಲಕ್ಕೆ ಇನ್ಯಾರದೋ ಮಾತ್ರೆ ಬೀಳುತ್ತೆ."

"ಚಿನ್ನದಂಥ ಮಾತು," ಅಂದಳು ಹೆಂಡತಿ ಮುಖ ತಿರುಗಿಸಿ. "ಕೆಲಸ ಹೋದರೆ ನೀನು ಬಂದು ಅನ್ನ ಹಾಕ್ತೀಯಾ ತಾಯಿ?"

"ಇಲ್ಲ ಅಕ್ಕ. ಹಾಕ್ತೀನಿ ಅಂತ ಸುಳ್ಳು ಹೇಳಲ್ಲ. ಆದದ್ದು ಆಗಿಹೋಯ್ತು, ನೀವು ಹೇಳೋದು ಸರಿ. ಆದರೆ ಈ ಸಹಿ ಇನ್ನೂ ಆಗಿಲ್ಲ." ಚಪ್ಪಲಿ ಮೆಟ್ಟಿಕೊಳ್ಳುತ್ತಾ ಮತ್ತೆ ಅಂದಳು, "ಮಾರ್ಕೆಟ್ ಮೂಲೆ ಕೊಡೆ ಖಾಲಿ ಇದೆ ಅಕ್ಕ. ಹೋಗ್ತಾ ಬರ್ತಾ ನೋಡೋಕಾಗಲ್ಲ."

ಹೆಂಡತಿ ತಟ್ಟನೆ ತಲೆ ಎತ್ತಿದಳು. "ಕೊಡೆ ಕೆಳಗೆ ಕೂರೋನಾ? ರೀ, ಅವನೇನ್ರೀ?"

"ಯಾಕೆ, ಗೊತ್ತಾ ನಿನಗೆ?"

"ಅತ್ತೆ ಬಚ್ಚಲುಮನೇಲಿ ಸಿಕ್ಕಿಹಾಕ್ಕೊಂಡಾಗ ಬಂದು ಬಾಗಿಲು ತೆಗೆದೋನು ಅವನೇ. ನೀವು ಡ್ಯೂಟಿಲಿದ್ರಿ. ಒಳಗೆ ಅತ್ತೆ ಅಳ್ತಿದ್ದರೆ, 'ಅಜ್ಜೀ, ಹೆದರಬೇಡಿ, ನಾನಿಲ್ಲೇ ಇದ್ದೀನಿ' ಅಂತ ಬೀಗ ಬಿಚ್ಚೋ ತನಕ ಮಾತಾಡಿಸ್ತಾನೇ ಇದ್ದ." ಅವಳು ಗಂಡನ ಕಡೆ ತಿರುಗಿದಳು. "ಅವನು ಕೇಳಿದಾಗ ನೀವು ಒಂದು ಮಾತ್ರೆ ಕೊಡಲಿಲ್ಲವಲ್ಲ ರೀ!"

ದಫೇದಾರರು ಕಾಗದ ಮಡಚಿ ಜೇಬಿಗೆ ಹಾಕಿದರು. ನಾಚಿಕೆಯಲ್ಲಿ ಮೈಯೆಲ್ಲ ಸುಟ್ಟಂತಾಯಿತು.

ಬುಧವಾರ ಸಂಜೆ ಗಂಡ ಹೆಂಡತಿ ಇಬ್ಬರೂ ಆಸ್ಪತ್ರೆಗೆ ಹೋದರು. ದಫೇದಾರರು ಸಾದಾ ಬಟ್ಟೆಯಲ್ಲಿದ್ದರು, ಕಾಗದ ಜೇಬಿನಲ್ಲಿತ್ತು. ವಾರ್ಡಿನ ಕೊನೆಯ ಮಂಚದಲ್ಲಿ ಬೀಗದವನು ಮಲಗಿದ್ದ. ಅವನ ಹೆಂಡತಿ ಸ್ಟೂಲಿನ ಮೇಲೆ ಕೂತು ಅವನ ಬಲಗೈಯಲ್ಲಿ ಒಂದು ರಬ್ಬರ್ ಚೆಂಡು ಇಡುತ್ತಿದ್ದಳು. ಚೆಂಡು ಉರುಳಿ ಕೆಳಗೆ ಬೀಳುತ್ತಿತ್ತು. ಅವಳು ಬಗ್ಗಿ ಎತ್ತಿ ಮತ್ತೆ ಇಡುತ್ತಿದ್ದಳು. ಮಾರ್ಕೆಟ್ಟಿನ ಕಡೆಯ ಪರಿಚಯದವರು ಇರಬೇಕು ಅಂದುಕೊಂಡು ಇವರಿಗೆ ಜಾಗ ಮಾಡಿಕೊಟ್ಟಳು.

"ಹೇಗಿದ್ದಾರಮ್ಮ?" ಅಂತ ಕೇಳಿದಳು ದಫೇದಾರರ ಹೆಂಡತಿ.

"ಎಲ್ಲ ಗೊತ್ತಾಗುತ್ತೆ ಅಂತಾರೆ ಡಾಕ್ಟ್ರು, ಮಾತು ಮಾತ್ರ ಇಲ್ಲ." ಅವಳು ಚೆಂಡನ್ನು ಮಡಿಲಲ್ಲಿ ಇಟ್ಟುಕೊಂಡಳು. "ಠಾಣೆಯಿಂದ ಒಬ್ಬರು ಬಂದಿದ್ದರು. ಇವರು ಕಾಯಿಲೆ ವಿಷಯ ಹೇಳಲೇ ಇಲ್ವಂತೆ. ಹೇಳಿದ್ದರೆ ಮಾತ್ರೆ ಕೊಡ್ತಿದ್ರಂತೆ. ನನಗೆ ಹೊಟ್ಟೆ ಉರಿದುಹೋಯ್ತು ಅಕ್ಕ. ಬಾಯಿ ಇರಲಿಲ್ವಾ ನಿಮಗೆ, ಒಂದು ಮಾತು ಹೇಳೋಕೆ ಏನಾಗಿತ್ತು ಅಂತ ಮೂರು ದಿನದಿಂದ ಇವರನ್ನೇ ಬೈತಿದ್ದೀನಿ. ಸುಮ್ಮನೆ ಕಣ್ಣಲ್ಲಿ ನೀರು ಹಾಕ್ಕೋತಾರೆ."

ದಫೇದಾರರು ಮಂಚದ ಕಡೆ ನೋಡಿದರು. ಬೀಗದವನು ಇವರನ್ನು ಗುರುತು ಹಿಡಿದಿದ್ದ. ಗಂಟಲಿನಿಂದ ಏನೋ ಸದ್ದು ಮಾಡಿದ, ಎಡಗೈಯಿಂದ ಹಾಸಿಗೆ ಬಡಿದ. ಏನು ಮಾಡಿದರೂ ಅದು ಮಾತಾಗಲಿಲ್ಲ.

"ಬೈಬೇಡಮ್ಮ," ಅಂದರು ದಫೇದಾರರು. "ಅವನು ಹೇಳಿದ. ಬೆಳಿಗ್ಗೆ ಒಂದು ಸಲ ಹೇಳಿದ, ಹನ್ನೊಂದು ಗಂಟೆಗೆ ಇನ್ನೊಂದು ಸಲ ಕೇಳಿಕೊಂಡ. ಕೊಡದೆ ಇದ್ದೋನು ನಾನು."

ಅವಳು ಬೈಯಲಿಲ್ಲ, ಕೂಗಾಡಲಿಲ್ಲ. ಇವರ ಕಡೆ ತಿರುಗಿಯೂ ನೋಡದೆ ಗಂಡನ ಮುಖ ಎರಡೂ ಕೈಯಲ್ಲಿ ಹಿಡಿದುಕೊಂಡು, "ಹೇಳಿದ್ರಾ? ಹೇಳಿದ್ರಾ ನೀವು? ನಾನು ಪಾಪಿ, ನಿಮ್ಮನ್ನೇ ಬೈದೆನಲ್ಲಾ" ಅಂತ ಅಳತೊಡಗಿದಳು. ಸ್ವಲ್ಪ ಹೊತ್ತಾದ ಮೇಲೆ, "ಹೋಗಿ ಇಲ್ಲಿಂದ" ಅಂದಳು.

ಹೊರಗೆ ಮೆಟ್ಟಿಲಿಳಿಯುವಾಗ ದಫೇದಾರರ ಹೆಂಡತಿ ಕೈ ಚಾಚಿದಳು. "ಆ ಕಾಗದ ಕೊಡಿ ಇಲ್ಲಿ." ನಾಲ್ಕು ತುಂಡು ಮಾಡಿ ತನ್ನ ಬ್ಯಾಗಿಗೆ ಹಾಕಿಕೊಂಡಳು. "ಅಲ್ಲಿ ಹೇಳಿದ್ದನ್ನೇ ನಾಳೆನೂ ಹೇಳಿ. ಬಂದದ್ದನ್ನ ಇಬ್ಬರೂ ಅನುಭವಿಸೋಣ."

ಗುರುವಾರ ಅವರು ಹಾಗೇ ಹೇಳಿದರು. ರೈಟರಮ್ಮ ಮಾತು ಕೊಟ್ಟ ಹಾಗೆ ಪಕ್ಕದಲ್ಲಿ ಕೂತಿದ್ದಳು. ದಫೇದಾರರು ಅಮಾನತಾದರು, ನಿವೃತ್ತಿ ವೇತನ ತೂಗುಗತ್ತಿಯ ಕೆಳಗೆ ಬಿತ್ತು. ಹಳೇ ಸ್ನೇಹಿತರು ದಾರಿಯಲ್ಲಿ ಕಂಡರೆ ಆಚೆ ಬದಿಗೆ ದಾಟುತ್ತಾರೆ. ಬೀಗದವನ ಹೆಂಡತಿ ಇವತ್ತಿಗೂ ಕ್ಷಮಿಸಿಲ್ಲ, ಇವರೂ ಕೇಳಿಲ್ಲ. ಮುಂದಿನ ಶನಿವಾರ ಸಂಘದ ಸಭೆಯಲ್ಲಿ ದಫೇದಾರರು ಎದ್ದು ನಿಂತು, ಹೊಸದಾಗಿ ಕೆಲಸಕ್ಕೆ ಸೇರಿದವರ ಮುಂದೆ ನಡೆದದ್ದನ್ನೆಲ್ಲ ಬಿಡಿಸಿ ಹೇಳಿದರು. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಈ ಕಥೆ ಕೇಳಿದ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಯವರನ್ನು ಠಾಣೆಗೆ ಕರೆದರೆ ಡಾಕ್ಟರ ಚೀಟಿ, ಮಾತ್ರೆ ಎರಡನ್ನೂ ಹಿಡಿದು ಹಿಂದೆಯೇ ಹೋಗಿ. ಕಾಯಿಲೆ ಏನು ಅಂತ ಹೇಳಿ, ಹೇಳಿದ್ದನ್ನು ಬರೆಸಿ, ಬರೆದದ್ದನ್ನು ಓದಿಸಿ ಕೇಳಿ. ಕಣ್ಣಾರೆ ಕಾಣದೆ ಯಾರ ಹೆಸರನ್ನೂ ಠಾಣೆಗೆ ಮುಟ್ಟಿಸಬೇಡಿ. ಯಾರಿಗಾದರೂ ಫಿಟ್ಸ್ ಬಂದರೆ ಬಾಯಿಗೆ ಏನೂ ತುರುಕದೆ ಮಗ್ಗುಲಿಗೆ ತಿರುಗಿಸಿ, ಆಸ್ಪತ್ರೆಗೆ ಕರೆದೊಯ್ಯಿರಿ.

ನೀವು ಪೊಲೀಸರಾದರೆ, ಇಂಥ ಸಂಘ ನಿಮ್ಮಲ್ಲಿದ್ದರೆ ಸೇರಿ, ಇಲ್ಲದಿದ್ದರೆ ನಾಲ್ಕು ಜನ ಕೂತು ಕಟ್ಟಿ. ಔಷಧಿ ಬೇಕು ಅಂದವನಿಗೆ ಡಾಕ್ಟರನ್ನು ಕರೆಸಿ. ಅವನು ನಾಟಕ ಆಡಿದ್ದರೆ ನಿಮಗೆ ಹೋಗುವುದು ಅರ್ಧ ಗಂಟೆ ಅಷ್ಟೇ. ನಿಜ ಹೇಳಿದ್ದರೆ ಅವನಿಗೆ ಆ ಅರ್ಧ ಗಂಟೆ ಬಿಟ್ಟು ಬೇರೆ ಸಮಯವೇ ಇರುವುದಿಲ್ಲ.