ನಾಲ್ಕೂ ಹತ್ತರ ಫೋಟೊ

ಸೀಟಿ ಊದಿದ್ದು ತನಗೇ ಎಂದು ಅವಳಿಗೆ ಗೊತ್ತಾಗುವಷ್ಟರಲ್ಲಿ ಪೊಲೀಸಿನವನು ಕಾರಿನ ಮುಂದೆ ಬಂದು ನಿಂತಿದ್ದ.

"ಬೆಲ್ಟ್ ಎಲ್ಲಿ ಮೇಡಂ?"

"ಹಾಕ್ಕೊಂಡಿದ್ದೆ."

"ಯಾವಾಗ?"

ಅವನು ಗಾಡಿಯ ನಂಬರನ್ನು ಕೈಯಲ್ಲಿದ್ದ ಯಂತ್ರಕ್ಕೆ ಒತ್ತಿದ. ಬೆಳಗಿನಿಂದ ಬಿಸಿಲಲ್ಲಿ ನಿಂತು ಅವನ ದನಿಯೂ ಬಾಡಿತ್ತು.

"ಹಳೇದೂ ಒಂದಿದೆ. ಎಂಟು ತಿಂಗಳಾಯ್ತು. ಸಿಗ್ನಲ್ ಹಾರಿದ್ದೀರಿ, ಕ್ಯಾಮೆರಾ ಹಿಡಿದಿದೆ."

"ನಾನಾಗಿರಲಿಕ್ಕಿಲ್ಲ."

"ಎಲ್ಲರೂ ಹಾಗೇ ಅನ್ನೋದು. ನೋಡಿ." ಯಂತ್ರವನ್ನು ಕಿಟಕಿಯೊಳಗೆ ಚಾಚಿದ. "ಇಷ್ಟು ಖುಷಿಯಾಗಿ ಸಿಗ್ನಲ್ ಹಾರಿದವರನ್ನ ನಾನಂತೂ ನೋಡಿಲ್ಲ ಬಿಡಿ."

ಮುದ್ರಣಾಲಯದಲ್ಲಿ ಕರಡು ತಿದ್ದುವುದು ಅವಳ ಕೆಲಸ. ಹದಿನೆಂಟು ವರ್ಷದ ಅಭ್ಯಾಸದಂತೆ ಮೊದಲು ತಪ್ಪು ಹುಡುಕಿದಳು. ನಂಬರು ಸರಿ. ತಾರೀಖು ಸರಿ. ಹೊತ್ತು, ನಾಲ್ಕೂ ಹತ್ತು. ಅವತ್ತು ಆಸ್ಪತ್ರೆಯಿಂದ ಅಣ್ಣ ಫೋನ್ ಮಾಡಿ, "ಅಮ್ಮ ಹೋಗಿಬಿಟ್ಟಳು ಕಣೇ" ಎಂದಿದ್ದು ನಾಲ್ಕಕ್ಕೆ.

ಫೋಟೊದಲ್ಲಿ, ಕಾರಿನ ಗಾಜಿನ ಹಿಂದಿನ ಹೆಂಗಸು ಬಾಯಿ ತುಂಬ ನಗುತ್ತಿದ್ದಳು.

ಅಳುವಾಗಲೂ ಬಾಯಿ ತೆರೆಯುತ್ತದೆ, ಎಂದುಕೊಂಡಳು. ಎರಡು ಬೆರಳಿನಿಂದ ಚಿತ್ರವನ್ನು ದೊಡ್ಡದು ಮಾಡಿದಳು. ದೊಡ್ಡದಾದಷ್ಟೂ ನಗುವೇ.

ಮೂರು ವರ್ಷ ಹಾಸಿಗೆ ಹಿಡಿದಿದ್ದ ಅಮ್ಮನನ್ನು ಒಬ್ಬಳೇ ಎತ್ತಿ, ತಿರುಗಿಸಿ, ಮಲಗಿಸಿದವಳು ಅವಳು. "ಅತ್ತೂ ಅತ್ತೂ ಅದ್ಹೇಗೆ ಕಾರು ಓಡಿಸ್ಕೊಂಡು ಬಂದಳೋ" ಎಂದು ಅತ್ತಿಗೆ ಇವತ್ತಿಗೂ ಬಂದವರಿಗೆಲ್ಲ ಹೇಳುತ್ತಾಳೆ. ಕೇಳಿ ಕೇಳಿ ಆ ಅಳು ಅವಳಿಗೂ ನೆನಪಿನಲ್ಲಿತ್ತು. ಅಮ್ಮನದೆಂದು ಅವಳ ಬಳಿ ಉಳಿದಿದ್ದೂ ಅದೊಂದೇ.

ಫೋನು ಬಡಿದುಕೊಂಡಿತು. ಅಣ್ಣ.

"ಎಲ್ಲಿದ್ದೀಯೇ? ಅಮ್ಮನ ಮಂಚ ಒಯ್ಯೋರು ಬಂದು ಕೂತಿದ್ದಾರೆ. ನೀನು ಬರೋ ಮುಂಚೆ ಕಳಿಸಿದ್ರೆ ಆಮೇಲೆ ಅಳ್ತಾ ಕೂರ್ತೀಯ."

"ಪೊಲೀಸ್ ಹಿಡಿದಿದ್ದಾರೆ."

"ನಿನ್ನನ್ನಾ? ಏನು ಮಾಡ್ದೆ?"

"ಬೆಲ್ಟ್," ಎಂದಳು. "ಬೆಲ್ಟ್ ಅಷ್ಟೇ."

ಪೊಲೀಸಿನವನು ದಂಡದ ಚೀಟಿ ಹರಿದುಕೊಟ್ಟ.

"ಆ ಫೋಟೊ ಅಳಿಸೋಕಾಗತ್ತಾ?"

"ದಂಡ ಕಟ್ಟಿದ್ರೆ ಕೇಸ್ ಹೋಗತ್ತೆ ಮೇಡಂ. ಫೋಟೊ ಇರತ್ತೆ." ಅಷ್ಟರಲ್ಲಿ ಅವನ ಕಣ್ಣು ಹಿಂದಿನ ಸ್ಕೂಟರಿನ ಮೇಲಿತ್ತು.

ಮುಂದಿನ ವೃತ್ತದಲ್ಲಿ ಕೆಂಪು ದೀಪ. ಬೆಲ್ಟ್ ಬಿಗಿದುಕೊಂಡು, ಗೆರೆಗಿಂತ ಒಂದು ಮಾರು ಹಿಂದೆಯೇ ನಿಂತಳು. ಯಾರಿಗೂ ಹೇಳಬಾರದು. ಅಣ್ಣನಿಗಂತೂ ಹೇಳಲೇಬಾರದು.

ಕಂಬದ ಮೇಲೆ ಕ್ಯಾಮೆರಾ ಇತ್ತು. ಅದರತ್ತ ತಲೆಯೆತ್ತಿ, ತಾಯಿ ಸತ್ತ ಮಗಳಿಗೆ ಒಪ್ಪುವ ಮುಖವೊಂದನ್ನು ನಿಧಾನವಾಗಿ ಜೋಡಿಸಿಕೊಂಡಳು. ದೀಪ ಹಸಿರಾಗುವವರೆಗೂ ಹಾಗೇ ಹಿಡಿದಿದ್ದಳು.

ತಪ್ಪು ಮಾಡದವರ ಫೋಟೊ ಅದು ತೆಗೆಯುವುದಿಲ್ಲ.