ತೋಳಿಗೆ ಒಂದಿಂಚು

ಎಲ್ಲಿಂದ ಶುರು ಮಾಡುವುದು? ಸೂತ್ರದಿಂದ ಶುರು ಮಾಡಿದರೆ ನೀವು ಪುಟ ತಿರುಗಿಸುತ್ತೀರಿ. ಕಣ್ಣೀರಿನಿಂದ ಶುರು ಮಾಡಿದರೆ ಕಥೆಯ ನಾಯಕಿಯೇ ಎದ್ದು ಹೋಗುತ್ತಾಳೆ. ಹಾಗಾಗಿ ಹೊಲಿಗೆ ಅಂಗಡಿಯಿಂದ ಶುರು ಮಾಡುತ್ತೇನೆ, ಅದಕ್ಕೆ ಯಾರ ತಕರಾರೂ ಇಲ್ಲ.

೧. ಅವಳು ದರ್ಜಿ. ವಯಸ್ಸು ನಲವತ್ತೊಂದು. ಬೆಳಿಗ್ಗೆ ಅಮ್ಮನ ಜೊತೆ ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿಯುತ್ತಾಳೆ, ಮಧ್ಯಾಹ್ನ ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಓದುತ್ತಾಳೆ. ಲೀನಿಯರ್ ರಿಗ್ರೆಶನ್ ಪೇಪರಿನಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ದಾಳೆ. ಮೂರನೆಯದೇ ಕೊನೆಯ ಅವಕಾಶ. ಈ ಪೇಪರಿನ ಪ್ರಾಜೆಕ್ಟ್ ಕೈಕೊಟ್ಟರೆ ಡಿಗ್ರಿಯ ಆಸೆ ಬಿಡಬೇಕು. (ರಿಗ್ರೆಶನ್ ಎಂದರೆ ಗಾಬರಿಯಾಗಬೇಡಿ. ಒಂದಷ್ಟು ಚುಕ್ಕಿಗಳ ನಡುವೆ, ಎಲ್ಲಕ್ಕೂ ಆದಷ್ಟು ಹತ್ತಿರವಾಗುವಂತೆ ಒಂದು ಗೆರೆ ಎಳೆಯುವುದು, ಆಮೇಲೆ ಆ ಗೆರೆ ನೋಡಿ ಗೊತ್ತಿಲ್ಲದ್ದನ್ನು ಊಹಿಸುವುದು. ನನಗೆ ತಿಳಿದಿರುವುದು ಇಷ್ಟೇ, ಅದೂ ಅವಳು ಹೇಳಿಕೊಟ್ಟಿದ್ದು.)

೨. ಪ್ರಾಜೆಕ್ಟಿಗೆ ಅವಳು ಅಂಗಡಿಯ ಅಳತೆ ಪುಸ್ತಕವನ್ನೇ ತಂದಳು. ಅರವತ್ತು ಮಕ್ಕಳು. ಭುಜದ ಅಗಲ ಗೊತ್ತಿದ್ದರೆ ತೋಳಿನ ಉದ್ದ ಊಹಿಸಬಹುದೇ? ಗೆರೆ ಎಳೆದಳು. ಇಪ್ಪತ್ತಮೂರು ಚುಕ್ಕಿಗಳು ಗೆರೆಗಿಂತ ಮೇಲೆ ಗುಂಪುಗಟ್ಟಿ ನಿಂತವು, ಮಿಕ್ಕವು ಕೆಳಗೆ ಉಳಿದವು. ಗೆರೆ ಅತ್ತಲೂ ಸೇರದೆ ಇತ್ತಲೂ ಸೇರದೆ ಪೆಚ್ಚಾಯಿತು.

ನನ್ನ ಮೊದಲ ಕರಡಿನಲ್ಲಿ ಅವಳು ಆ ಇಪ್ಪತ್ತಮೂರನ್ನೂ ಮೆಲ್ಲಗೆ ಅಳಿಸುತ್ತಾಳೆ, ಗೆರೆ ಚಂದವಾಗುತ್ತದೆ, ಪಾಸಾಗುತ್ತಾಳೆ. ಕಥೆಗೊಂದು ಪಾಪಪ್ರಜ್ಞೆ ಸಿಕ್ಕಿತಲ್ಲ ಎಂದು ನಾನು ಬೀಗುತ್ತಿದ್ದೆ.

"ಯಾಕೆ ಅಳಿಸ್ಲಿ?" ಎಂದಳು. "ಅಷ್ಟೂ ಮಕ್ಕಳು ನಮ್ಮ ಅಂಗಡಿಗೆ ಬಂದು, ಕೈ ಚಾಚಿ ನಿಂತು ಅಳತೆ ಕೊಟ್ಟಿದ್ದಾರೆ."

"ಫೇಲಾಗ್ತೀಯಲ್ಲಮ್ಮ!"

"ಆಗ್ತೀನಿ. ನಿಮಗೇನು, ಕೂತಲ್ಲೇ ಬರೀತೀರಿ."

ಕರಡು ಹರಿದೆ.

೨, ಮತ್ತೆ. ಅಳಿಸದೆ ಹಾಗೇ ಆ ಪೇಪರ್ ಪಾಠ ಮಾಡುವ ಮೇಡಂ ಹತ್ತಿರ ಹೋದಳು. ಈ ಮೇಡಂ ಅನ್ನು ಗಂಟುಮುಖದ ರಾಕ್ಷಸಿಯಾಗಿ ಬರೆಯಬೇಕೆಂದಿದ್ದೆ. ಕಥೆಗೆ ಒಬ್ಬ ವಿಲನ್ ಬೇಕಲ್ಲ. ಆದರೆ ಎರಡು ಸಲ ಫೇಲಾದವಳನ್ನು ಪ್ರತಿ ಗುರುವಾರ ತಮ್ಮ ಊಟದ ಹೊತ್ತಿನಲ್ಲಿ ಕೂರಿಸಿಕೊಂಡು, ಮೊದಲ ಪಾಠದಿಂದ ಹೇಳಿಕೊಟ್ಟವರು ಅವರು. ಅಂಥವರ ಬಗ್ಗೆ ಕೆಟ್ಟದ್ದು ಬರೆಯಲು ಕೈ ಏಳಲಿಲ್ಲ.

ಮೇಡಂ ಚಿತ್ರ ನೋಡಿದರು. ತಪ್ಪು ಎನ್ನಲಿಲ್ಲ. ಮೇಲಿನ ಗುಂಪಿನ ಮೇಲೆ ಪೆನ್ಸಿಲ್ ಇಟ್ಟು, "ಇವರೆಲ್ಲ ಯಾರು?" ಎಂದು ಕೇಳಿದರು.

ಅವಳು ಅಳತೆ ಪುಸ್ತಕ ತೆರೆದು ಒಂದೊಂದೇ ಹೆಸರು ಹುಡುಕಿದಳು. ಐದನೆಯದಕ್ಕೆ ಬರುವಷ್ಟರಲ್ಲಿ ಬೆರಳು ನಿಂತಿತು. ಐದೂ ಅಮ್ಮನ ಅಕ್ಷರ. ಅಲ್ಲಿಂದಲೇ ಫೋನ್ ಮಾಡಿದಳು.

"ಅಮ್ಮ, ಮಕ್ಕಳ ತೋಳಿನ ಅಳತೆ ಹೇಗೆ ಬರೀತೀಯ?"

"ಹೇಗಂದ್ರೆ? ಟೇಪ್ ಹಿಡಿದು, ಮೇಲೊಂದು ಇಂಚು ಸೇರಿಸಿ."

"ಸೇರಿಸೋದ್ಯಾಕೆ?"

"ಬೆಳೆಯೋ ಮಕ್ಕಳಲ್ವೇನೇ! ಇದ್ದಷ್ಟೇ ಬರೆದ್ರೆ ವರ್ಷ ತುಂಬೋದ್ರೊಳಗೆ ತೋಳು ಮೊಣಕೈಗೆ ಬರುತ್ತೆ." ಆಮೇಲೆ ದನಿ ಸಣ್ಣಗಾಯಿತು. "ನಿನ್ನ ಪರೀಕ್ಷೆ ಕೆಡಿಸಿಬಿಟ್ನಾ?"

ಮೇಡಂ ಫೋನ್ ಇಸಿದುಕೊಂಡು, "ಇಲ್ಲಮ್ಮ, ನೀವೇನೂ ಕೆಡಿಸಿಲ್ಲ. ನೀವು ಸೇರಿಸಿದ್ದನ್ನ ಇವಳು ಲೆಕ್ಕಕ್ಕೆ ಹಾಕಿರ್ಲಿಲ್ಲ, ಅಷ್ಟೇ" ಎಂದರು.

೪. (೩ರಲ್ಲಿ ನಾನು ಅತ್ತಿದ್ದೆ. ತೆಗೆದುಹಾಕಿದ್ದೇನೆ.) ಅವಳು ಹೊಸದೊಂದು ಕಾಲಂ ಸೇರಿಸಿದಳು. ಅಳತೆ ತೆಗೆದದ್ದು ಅಮ್ಮನಾದರೆ ಒಂದು, ತಾನಾದರೆ ಸೊನ್ನೆ. ಕಂಪ್ಯೂಟರ್ ಕಾಲಮ್ಮಿಗೆ ಹೆಸರು ಕೇಳಿತು. 'ಅಮ್ಮ' ಎಂದು ಟೈಪ್ ಮಾಡಿದಳು. ಗೆರೆ ಈಗ ಎರಡಾಯಿತು, ಚುಕ್ಕಿಗಳೆಲ್ಲ ತಮ್ಮ ತಮ್ಮ ಗೆರೆಯ ಪಕ್ಕ ಬಂದವು.

ಮುಕ್ತಾಯಗಳು ನನ್ನ ಬಳಿ ಬೇಕಾದಷ್ಟಿವೆ. ಅ) ಪಾಸಾಗಿ ಅಂಗಡಿಗೆ ಓಡುತ್ತಾಳೆ. ಆ) ಫೇಲಾಗಿ ಅಂಗಡಿಗೆ ನಡೆದುಹೋಗುತ್ತಾಳೆ. ಇ)

"ರಿಸಲ್ಟೇ ಬಂದಿಲ್ಲ, ನೀವ್ಯಾಕೆ ಆತುರ ಪಡ್ತೀರಿ?" ಎಂದಳು. "ನನ್ನ ರಿಪೋರ್ಟಿನ ಕೊನೆ ಹಾಕಿ, ಸಾಕು."

ಹಾಕುತ್ತೇನೆ. ಅದರ ಕೊನೆಯ ಸಾಲುಗಳನ್ನು ಯಾವ ಪಠ್ಯಪುಸ್ತಕವೂ ಒಪ್ಪುವುದಿಲ್ಲ. ಅದಕ್ಕೆ ಮಾರ್ಕ್ಸ್ ಕಳೆದರೋ ಕೊಟ್ಟರೋ ನನ್ನನ್ನು ಕೇಳಬೇಡಿ.

"ಭುಜದ ಅಗಲ ಒಂದೇ ಇರುವ ಇಬ್ಬರು ಮಕ್ಕಳಲ್ಲಿ, ಅಮ್ಮ ಅಳೆದ ಮಗುವಿನ ತೋಳು ಸರಾಸರಿ 0.97 ಇಂಚು ಹೆಚ್ಚು. ನಾನೂ ಅವರು ಅಳೆದ ಮಗುವೇ. ನನ್ನ ಬಟ್ಟೆ ಯಾವತ್ತೂ ಬಿಗಿಯಾಗಲಿಲ್ಲ."